ಎರಡು ಹಲ್ಲಿನ ನಡುವಿನ ಗಾಳಿ

ಮನುಷ್ಯರನ್ನು ನಾನು ಬಾಯಿಯಿಂದ ಗುರುತು ಹಿಡಿಯುತ್ತೇನೆ. ಮುಖ ನೋಡುವ ಭಾಗ್ಯ ನನ್ನ ಕೆಲಸದಲ್ಲಿಲ್ಲ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆಯುತ್ತಾರೆ, ಅದು ಒಂದು ಡಬ್ಬಿಯೊಳಗೆ ಕೂತು ಮೇಲಿನ ಮಹಡಿಗೆ, ನನ್ನ ಬಳಿಗೆ ಬರುತ್ತದೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು ಬಾಯಿಯ ಪಡಿಯಚ್ಚು ಮಾಡುತ್ತೇನೆ. ಅದರ ಮೇಲೆ ಮೇಣ ಹಚ್ಚಿ ಹಲ್ಲು ಜೋಡಿಸುತ್ತೇನೆ. ಆಮೇಲೆ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಒಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕೆಳಕ್ಕೆ ಕಳಿಸುತ್ತೇನೆ. ಬೀದಿಯಲ್ಲಿ ಯಾರಾದರೂ ಅಪರಿಚಿತರು ನಕ್ಕಾಗ, ಅರೆ, ಇವರು ನನ್ನ ಹಳೆಯ ಪರಿಚಯ ಅನ್ನಿಸುವುದುಂಟು.

ಓರೆಕೋರೆ ಕಂಡರೆ ನನಗಾಗದು. ಗೋಡೆಯ ಗಡಿಯಾರ ಸ್ವಲ್ಪ ವಾಲಿದ್ದರೂ ಕುರ್ಚಿ ಹಾಕಿಕೊಂಡು ಹತ್ತಿ ಸರಿಮಾಡಿದ ಮೇಲೆಯೇ ನನಗೆ ಊಟ ಸೇರುವುದು. ಮದುವೆಯಾದ ಹೊಸದರಲ್ಲಿ ನನ್ನ ಅತ್ತೆ ಇದನ್ನು ನೋಡಿ, "ನನ್ನ ಮಗನ ಮೂಗು ಒಂಚೂರು ಸೊಟ್ಟ ಇದೆ ಕಣಮ್ಮ, ಅದನ್ನೂ ಉಜ್ಜಿಗಿಜ್ಜಿಬಿಟ್ಟೀಯಾ" ಎಂದಿದ್ದರು. ಮೂಗನ್ನು ಬಿಟ್ಟಿದ್ದೇನೆ. ಉಳಿದದ್ದನ್ನೆಲ್ಲ ಸಾಲಾಗಿ ನಿಲ್ಲಿಸಿದ್ದೇನೆ.

ಒಂದು ಬೆಳಿಗ್ಗೆ ಬಂದ ಅಚ್ಚಿನಲ್ಲಿ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಜಾಗ ಖಾಲಿಯಿತ್ತು. ಒಸಡಿನ ಕಾಯಿಲೆಯಿಂದ ಅಲ್ಲಾಡಿ ಅಲ್ಲಾಡಿ, ಕೊನೆಗೆ ಡಾಕ್ಟರೇ ಕಿತ್ತು ತಿಂಗಳುಗಳಾಗಿದ್ದವು. ಡಾಕ್ಟರು ಫೋನು ಮಾಡಿ, ಇವರು ಏನೋ ಊದುವವರಂತೆ, ಸ್ವಲ್ಪ ಗಟ್ಟಿಯಾಗಿ ಮಾಡಿ ಎಂದರು. ಬಲೂನು ಮಾರುವವರಿರಬೇಕು ಅಂದುಕೊಂಡು ಕೆಲಸ ಶುರುಮಾಡಿದೆ.

ಮಧ್ಯಾಹ್ನ ಅವರೇ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ. ನನ್ನ ಕೋಣೆಗೆ ರೋಗಿಗಳು ಬರುವಂತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಪೆಟ್ಟಿಗೆ ತೆರೆದು ನನ್ನ ಮೇಜಿನ ಮೇಲೆ, ಪ್ಲಾಸ್ಟರ್ ದವಡೆಗಳ ನಡುವೆ, ಒಂದು ಟ್ರಂಪೆಟ್ ಇಟ್ಟರು. ಅಲ್ಲಲ್ಲಿ ಹೊಳಪು ಹೋಗಿ ಕಂದಿದ ಹಿತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಅದನ್ನೇ ನೋಡಿದೆ.

"ಇದಕ್ಕೆ ಹೊಂದೋ ಹಲ್ಲು ಬೇಕಮ್ಮ" ಎಂದರು ತಾತ. ಮುಂದಿನ ಹಲ್ಲಿಲ್ಲದೆ ಅರ್ಧ ಮಾತು ಗಾಳಿಯಾಗಿ ಹೋಗುತ್ತಿತ್ತು. "ಊಟ ಮಾಡೋಕಾದ್ರೆ ನಾನು ಇಷ್ಟು ಮೆಟ್ಟಿಲು ಹತ್ತಿ ಬರ್ತಿರ್ಲಿಲ್ಲ."

ಅದರಲ್ಲಿರುವುದು ಮೂರೇ ಗುಂಡಿ. ನನಗೆ ಅದು ಮೊದಲು ಕಂಡಿತು. ಮೂರು ಗುಂಡಿಯಲ್ಲಿ ಎಷ್ಟು ಸ್ವರ ಬಂದೀತು ಎಂದು ಕೇಳಿದೆ. ಬೇಕಾದಷ್ಟು ಎಂದರು ತಾತ. ಸ್ವರ ಹುಟ್ಟುವುದು ಗುಂಡಿಯಲ್ಲಲ್ಲ, ತುಟಿಯಲ್ಲಿ. ಹಿತ್ತಾಳೆಯ ಪುಟ್ಟ ಬಟ್ಟಲನ್ನು ತುಟಿಗೆ ಒತ್ತಿ, ತುಟಿಯನ್ನು ಬಿಗಿಮಾಡಿ, ಜೇನುನೊಣದ ಹಾಗೆ ನಡುಗಿಸಬೇಕು. ಬಿಗಿದಷ್ಟೂ ಸ್ವರ ಮೇಲೆ, ಸಡಿಲಿಸಿದಷ್ಟೂ ಕೆಳಗೆ. ಆ ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಮುಂದಿನ ಹಲ್ಲು. ಹಲ್ಲು ಹೋದರೆ ತುಟಿ ಒಳಕ್ಕೆ ಕುಸಿಯುತ್ತದೆ, ಸ್ವರವೂ ಅದರೊಂದಿಗೆ.

"ಇನ್ನೊಂದು ವಿಷ್ಯ" ಎಂದರು. "ನಗು ಬಂದ್ರೆ ಕಥೆ ಮುಗೀತು. ತುಟಿ ಅಗಲ ಆಗತ್ತೆ, ಬರೀ ಗಾಳಿ ಬರತ್ತೆ. ಸ್ಟೇಜ್ ಮೇಲೆ ನನ್ನನ್ನ ನಗಿಸ್ಬಾರ್ದು ಅಂತ ನಮ್ಮಲ್ಲಿ ಕಟ್ಟಪ್ಪಣೆ ಇದೆ."

ಮೊದಲಿನ ಹಲ್ಲು ಹೇಗಿತ್ತು ಎಂದು ಕೇಳಿದೆ. ಅದು ನಾನು ಎಲ್ಲರ ವಿಷಯದಲ್ಲೂ ಡಾಕ್ಟರ ಮೂಲಕ ಕೇಳಿಸುವ ಪ್ರಶ್ನೆ. ಹೇಗೋ ಇತ್ತು ಬಿಡಿ ಎಂದು ತಾತ ಕೈಯಾಡಿಸಿದರು. ಹಳೆಯ ಫೋಟೋ ತನ್ನಿ ಎಂದೆ. ಮರುದಿನ ಒಂದು ಕಂತೆಯನ್ನೇ ತಂದರು. ಎಲ್ಲದರಲ್ಲೂ ಒಂದೋ ಟ್ರಂಪೆಟ್ ಬಾಯಿಗಿದೆ, ಇಲ್ಲವೇ ಬಾಯಿ ಬಿಗಿಯಾಗಿ ಮುಚ್ಚಿದೆ. ಬಹಳ ಗಂಭೀರ ಸ್ವಭಾವದವರು ಅಂದುಕೊಂಡೆ. ಹಾಗಾದರೆ ನಾನೇ ನೋಡಿ ಜೋಡಿಸುತ್ತೇನೆ ಎಂದಾಗ ಅವರ ಕಣ್ಣು ಮಿನುಗಿತು. "ಸಿನಿಮಾದೋರ ಹಲ್ಲಿದ್ದ ಹಾಗೆ ಇರ್ಲಮ್ಮ" ಎಂದರು. ನನಗೆ ಅಷ್ಟು ಸಾಕಿತ್ತು.

ಆ ವಾರ ಅವರು ದಿನವೂ ಬಂದರು. ಮೇಣದಲ್ಲಿ ಜೋಡಿಸಿದ ಹಲ್ಲನ್ನು ಬಾಯಿಗಿಟ್ಟು ನೋಡಿ ಅಳತೆ ಸರಿಮಾಡುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತು ನಾನು ಪ್ರಶ್ನೆ ಕೇಳುತ್ತಿದ್ದೆ. ಸಂಗೀತದ ತಲೆಬುಡ ನನಗೆ ಗೊತ್ತಿರಲಿಲ್ಲ. ರೇಡಿಯೋ ಹಾಕಿದರೆ ಮನೆಯಲ್ಲಿ ಜನರಿದ್ದಾರೆ ಅನ್ನಿಸುತ್ತದೆ, ಅದಕ್ಕೇ ಹಾಕುತ್ತಿದ್ದವಳು ನಾನು. ಆದರೆ ತುಟಿ ನಡುಗಿ ಸ್ವರವಾಗುತ್ತದೆ ಎಂದು ತಿಳಿದ ಮೇಲೆ, ಆ ಸ್ವರ ಎಲ್ಲಿಗೆ ಹೋಗುತ್ತದೆ, ಏನು ಮಾಡುತ್ತದೆ ಎಂದು ತಿಳಿಯದೆ ನನಗೆ ಇರಲಾಗಲಿಲ್ಲ.

ತಾತ ನನ್ನ ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲನ್ನು ಬೋರಲು ಹಾಕಿ, ಚಪ್ಪಟೆ ಚಮಚದಿಂದ ಬಡಿದರು. ಒಂದು, ಎರಡು, ಮೂರು, ನಾಲ್ಕು. ಇದು ಬಡಿತ, ನಾಲ್ಕು ಬಡಿತ ಸೇರಿದರೆ ಒಂದು ಬಾರ್, ಸಂಗೀತದ ಒಂದು ಖಾನೆ ಅಂದುಕೊಳ್ಳಿ ಎಂದರು. ಆಮೇಲೆ ಪ್ರತಿ ಬಡಿತವನ್ನು ಎರಡಾಗಿ ಒಡೆದು ಬಡಿದರು. ಅದು ನನಗೆ ಇಷ್ಟವಾಯಿತು, ಎಲ್ಲ ಸಮಸಮ. ಅಷ್ಟರಲ್ಲಿ ಅವರು ಏನೋ ಮಾಡಿದರು. ಮೊದಲ ತುಂಡು ಕೊಂಚ ಹಿಗ್ಗಿತು, ಎರಡನೆಯದು ಕೊಂಚ ಕುಗ್ಗಿತು, ಬಟ್ಟಲು ಕುಂಟುತ್ತ ಮೆಟ್ಟಿಲಿಳಿಯುವವರ ಹಾಗೆ ಸದ್ದು ಮಾಡಿತು. ನನ್ನ ಕಾಲು ನನ್ನನ್ನು ಕೇಳದೆ ಅಲ್ಲಾಡತೊಡಗಿತು.

"ಇದು ಸ್ವಿಂಗ್" ಎಂದರು. "ಜಾಝಿನ ಜೀವ ಇದ್ರಲ್ಲೇ ಇರೋದು."

ಮೊದಲನೆಯದು ಎರಡನೆಯದಕ್ಕಿಂತ ಎಷ್ಟು ದೊಡ್ಡದಿರಬೇಕು ಎಂದು ಕೇಳಿದೆ. ಅಳೆಯಲು ಹೋದರೆ ಅದು ಸತ್ತುಹೋಗುತ್ತದೆ ಎಂದರು. ನನಗೆ ರೇಗಿತು. ಅಳತೆ ಇಲ್ಲದ್ದನ್ನು ಕಲಿಯುವುದು ಹೇಗೆ, ಕಲಿಸುವುದು ಹೇಗೆ? ಒಂದು ಹಲ್ಲನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸಿ ಕಳಿಸಿದರೆ ಡಾಕ್ಟರು ಅದನ್ನು ನನ್ನ ಮುಖಕ್ಕೇ ಎಸೆಯುತ್ತಾರೆ ಎಂದು ಹೇಳಿದೆ. ತಾತ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹಲ್ಲಿಲ್ಲವೆಂದು ನಾಚಿಕೆ ಇರಬೇಕು, ಪಾಪ ಅಂದುಕೊಂಡೆ.

ನನ್ನ ಮೇಜಿನ ಮೇಲೆ, ಪ್ಲಾಸ್ಟರಿನಲ್ಲಿ ಗಾಳಿಗುಳ್ಳೆ ನಿಲ್ಲಬಾರದೆಂದು ಅಚ್ಚನ್ನು ನಡುಗಿಸುವ ಒಂದು ಪುಟ್ಟ ಯಂತ್ರವಿದೆ. ಹಾಕಿದರೆ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಲೇ ಇರುತ್ತದೆ. ವರ್ಷಗಳಿಂದ ನಾನು ಅದನ್ನು ಸದ್ದು ಎಂದೇ ತಿಳಿದಿದ್ದೆ. ತಾತ ಕಿವಿ ನಿಮಿರಿಸಿ ಕೇಳಿ, ಇದು ಒಳ್ಳೆ ಸ್ವರ, ಆರಿಸಬೇಡಿ ಎಂದರು. ಅದರ ಮೇಲೆ ಒಂದು ಸ್ವರ ಗುನುಗಿದರು. ಕೋಣೆಯಲ್ಲಿ ಬೆಳಕು ಜಾಸ್ತಿಯಾದ ಹಾಗಾಯಿತು. ಇದು ಮೇಜರ್ ಎಂದರು. ಅದೇ ಸ್ವರವನ್ನು ಅರ್ಧ ಮೆಟ್ಟಿಲು ಇಳಿಸಿದರು. ನನಗೆ ಯಾಕೋ ಮನೆಯ ನೆನಪಾಯಿತು. ಇದು ಮೈನರ್. ಮತ್ತೆ ಮೂರನೆಯ ಸಲ, ಎರಡರ ನಡುವೆ ಎಲ್ಲೋ ಒಂದು ಕಡೆ ಸ್ವರವನ್ನು ಜಾರಿಸಿ ನಿಲ್ಲಿಸಿದರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನೋವೋ ತಮಾಷೆಯೋ ಗೊತ್ತಾಗದ ಒಂದು ಜಾಗ ಅದು.

"ಇದು ಬ್ಲೂ ನೋಟ್. ಪಿಯಾನೋದಲ್ಲಿ ಇದು ಸಿಗಲ್ಲ. ಅಲ್ಲಿ ಇದಕ್ಕೆ ಮನೆನೇ ಇಲ್ಲ. ತುಟೀಲಿ, ಗಂಟ್ಲಲ್ಲಿ ಮಾತ್ರ ಸಿಗೋದು."

ಹಾಗಾದರೆ ಪಿಯಾನೋದವರು ಏನು ಮಾಡುತ್ತಾರೆ ಎಂದು ಕೇಳಿದೆ. ಅಕ್ಕಪಕ್ಕದ ಎರಡು ಸ್ವರವನ್ನು ಒಟ್ಟಿಗೆ ಒತ್ತಿ, ಇಲ್ಲೇ ಎಲ್ಲೋ ಇದೆ ಎಂದು ತೋರಿಸುತ್ತಾರೆ ಎಂದರು. ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ, "ನನ್ನ ತಂಗಿ ಅದನ್ನ ಚೆನ್ನಾಗಿ ತೋರಿಸ್ತಾಳೆ" ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟರು.

ತಂಗಿಯ ವಿಷಯ ಹೇಳಿದವರು ಕಂಬ. ತಾತನ ಬ್ಯಾಂಡಿನಲ್ಲಿ ಆಳೆತ್ತರದ ಬಾಸ್ ವಾದ್ಯವನ್ನು ಅಪ್ಪಿಕೊಂಡು ಮೀಟುವವರು, ತಾವು ಅದಕ್ಕಿಂತಲೂ ಎತ್ತರ. ತಾತನ ಜೊತೆ ಒಂದು ದಿನ ಬಂದವರು ನನ್ನ ಬಾಗಿಲಿಗೆ ತಲೆ ತಗ್ಗಿಸಿ ಒಳಬಂದು, ಎಲ್ಲರೂ ಕಂಬ ಅಂತಲೇ ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ ಎಂದರು. ತಾತ ಡಾಕ್ಟರನ್ನು ನೋಡಲು ಕೆಳಗೆ ಇಳಿದ ಹೊತ್ತಿಗೆ ಕಂಬನ ಬಾಯಿ ಬಿಚ್ಚಿಕೊಂಡಿತು.

ಬ್ಯಾಂಡಿನಲ್ಲಿರುವುದು ಮೂವರೇ. ತಾತನ ಟ್ರಂಪೆಟ್, ಅವರ ತಂಗಿಯ ಪಿಯಾನೋ, ಕಂಬನ ಬಾಸ್. ಒಂದು ಹಳೆಯ ಹೋಟೆಲಿನ ಊಟದ ಹಾಲಿನಲ್ಲಿ ಶನಿವಾರ ಸಂಜೆ ನುಡಿಸುತ್ತಾರೆ. ಅಣ್ಣತಂಗಿ ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ. ಅವರ ತಾಯಿ ತೀರಿಕೊಂಡಾಗ ಅಣ್ಣ ಒಂದು ಹಡಗಿನ ಬ್ಯಾಂಡಿನಲ್ಲಿ ನುಡಿಸುತ್ತ ಸಮುದ್ರದ ಮಧ್ಯೆ ಇದ್ದರು. ಸುದ್ದಿ ತಲುಪಿ, ಅವರು ಬಂದು ಬಾಗಿಲು ತಟ್ಟುವಾಗ ಎಲ್ಲ ಮುಗಿದಿತ್ತು. ತಂಗಿ ಏನೋ ಅಂದರು, ಅಣ್ಣ ಅದಕ್ಕೆ ಏನೋ ಅಂದರು, ಅಲ್ಲಿಗೆ ಮಾತು ನಿಂತಿತು. ಆದರೆ ಶನಿವಾರ ನಿಲ್ಲಲಿಲ್ಲ. ಇಬ್ಬರೂ ಒಂದೇ ಹಾಲಿನಲ್ಲಿ ಕೂತು, "ಕಂಬ, ಸ್ವಲ್ಪ ನಿಧಾನಕ್ಕೆ ಶುರು ಮಾಡು ಅಂತ ಹೇಳು", "ಕಂಬ, ನಿಧಾನ ಅಂದ್ರೆ ನಿದ್ದೆ ಅಲ್ಲ ಅಂತ ಹೇಳು" ಎಂದು ಇವರ ಮೂಲಕ ಮಾತು ಕಳಿಸುತ್ತಾರಂತೆ.

"ಹಾಗಿದ್ರೂ ಜೊತೆಗೆ ನುಡಿಸ್ತಾರಾ?" ಎಂದು ಕೇಳಿದೆ.

"ಅದೇ ಅವರ ಮಾತು" ಎಂದರು ಕಂಬ.

ಆಮೇಲೆ ವಿವರಿಸಿದರು. ಜಾಝಿನಲ್ಲಿ ಮೊದಲು ಎಲ್ಲರೂ ಸೇರಿ ಒಂದು ಗೊತ್ತಿರುವ ರಾಗವನ್ನು ನುಡಿಸುತ್ತಾರೆ, ಅದಕ್ಕೆ ಹೆಡ್ ಎನ್ನುತ್ತಾರೆ. ಅದರ ಅಡಿಯಲ್ಲಿ ಕಾರ್ಡುಗಳಿರುತ್ತವೆ. ಮೂರು ನಾಲ್ಕು ಸ್ವರ ಒಟ್ಟಿಗೆ ನಿಂತರೆ ಒಂದು ಕಾರ್ಡ್. ಹೆಡ್ ಮುಗಿದ ಮೇಲೂ ಆ ಕಾರ್ಡುಗಳು ಅದೇ ಕ್ರಮದಲ್ಲಿ ಸುತ್ತುತ್ತಲೇ ಇರುತ್ತವೆ, ಅವುಗಳ ಮೇಲೆ ಒಬ್ಬೊಬ್ಬರೂ ಸರದಿಯಂತೆ ಆ ಕ್ಷಣಕ್ಕೆ ತೋಚಿದ ಹೊಸ ರಾಗವನ್ನು ಕಟ್ಟುತ್ತಾರೆ. ಅದು ಸೋಲೋ. ಯಾರೂ ಬರೆದುಕೊಟ್ಟಿರುವುದಿಲ್ಲ, ನಾಳೆ ಕೇಳಿದರೆ ಮತ್ತೆ ಬರುವುದೂ ಇಲ್ಲ. ಕೊನೆಗೆ ಎಲ್ಲರೂ ಹೆಡ್ಡಿಗೆ ಮರಳಿ ಮನೆ ಸೇರುತ್ತಾರೆ. ಆದರೆ ಮನೆ ಸೇರುವ ಮೊದಲು ಒಂದು ಆಟವಿದೆ. ಒಬ್ಬರು ನಾಲ್ಕು ಬಾರ್ ನುಡಿಸಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅದಕ್ಕೆ ನಾಲ್ಕು ಬಾರ್ ಉತ್ತರ ಕೊಡುತ್ತಾರೆ. ಕೇಳುವುದು, ಹೇಳುವುದು, ಕೆಣಕುವುದು, ಸಮಾಧಾನ ಮಾಡುವುದು ಎಲ್ಲ ಅದರಲ್ಲೇ ನಡೆಯುತ್ತದೆ. ತಾತ ತನ್ನ ಬ್ಲೂ ನೋಟನ್ನು ಜಾರಿಸಿ ಏನೋ ಕೇಳಿದರೆ, ತಂಗಿ ಎರಡು ಸ್ವರವನ್ನು ಒಟ್ಟಿಗೆ ಒತ್ತಿ, ಗೊತ್ತು ಬಿಡೋ ಅನ್ನುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿದೆ ಎಂದರು.

"ಈಗ ಹಲ್ಲು ಹೋದ ಮೇಲೆ ಅದೂ ಇಲ್ಲ" ಎಂದರು ಕಂಬ. "ಅವಳು ಮಗಳ ಮನೆಗೆ ಹೊರಟಿದಾಳೆ, ದೂರದ ಊರು. ಬರೋ ವಾರ, ಗುರುವಾರ. ಇಲ್ಲಿ ನನಗೇನು ಕೆಲಸ ಅಂತಾಳೆ. ಹೋದ್ರೆ ವಾಪಸ್ ಬರೋಳಲ್ಲ."

ಅಷ್ಟು ಹೇಳಿ ಅವರು ನನ್ನ ಕೈಯಲ್ಲಿದ್ದ ಮೇಣದ ಹಲ್ಲನ್ನು ನೋಡಿದರು. ನಾನೂ ನೋಡಿದೆ. ನಾಲ್ಕು ಹಲ್ಲು, ಹಿಡಿಯಷ್ಟೂ ಇಲ್ಲ. ಅದರ ಮೇಲೆ ಇಷ್ಟು ಭಾರ ಕೂತಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹಲ್ಲನ್ನು ನಾನು ನನ್ನ ಜೀವಮಾನದ ಕೆಲಸ ಎಂಬಂತೆ ಮಾಡಿದೆ. ಒಂದಕ್ಕೊಂದು ಅಂಟಿಕೊಂಡು, ಕೂದಲೆಳೆಯೂ ನುಸುಳದಂತೆ ನಿಂತ ಸಾಲು. ಪಕ್ಕದ ಹಲ್ಲಿಗೆ ಹಿಡಿದುಕೊಳ್ಳುವ ತಂತಿಯ ಕೊಕ್ಕೆಗಳನ್ನು ಟ್ರಂಪೆಟ್ಟಿನ ಒತ್ತಡಕ್ಕೆ ಅಲುಗದಂತೆ ಬಿಗಿ ಮಾಡಿದೆ. ತಾತ ಕನ್ನಡಿಯ ಮುಂದೆ ನಿಂತು ತುಟಿಯೆತ್ತಿ ನೋಡಿಕೊಂಡರು, ಆ ಕಡೆಯಿಂದ, ಈ ಕಡೆಯಿಂದ. ಅವರ ಕಣ್ಣು ತೇವವಾಯಿತು. ಶನಿವಾರ ಮಧ್ಯಾಹ್ನ ಹಾಲಿನಲ್ಲಿ ಅಭ್ಯಾಸವಿದೆ, ಬನ್ನಿ ಎಂದರು. ಕರೆಯದಿದ್ದರೂ ನಾನು ಹೋಗುವವಳೇ.

ಹಾಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಒಬ್ಬರು ನೆಲ ಒರೆಸುತ್ತಿದ್ದರು. ಪಿಯಾನೋದ ಮುಂದೆ ಕೂತಿದ್ದ ಹೆಂಗಸು ಬೆಳ್ಳಿಕೂದಲನ್ನು ಗಂಟು ಹಾಕಿದ್ದರು, ಅಣ್ಣನದೇ ಮೂಗು. ನನ್ನ ಕಡೆ ತಲೆಯಾಡಿಸಿದರು, ಅಣ್ಣನ ಕಡೆ ತಿರುಗಲಿಲ್ಲ. ಕಂಬ ಒಂದು, ಎರಡು, ಮೂರು, ನಾಲ್ಕು ಎಂದು ಬಡಿತ ಎಣಿಸಿ ಶುರುಮಾಡಿದರು.

ಬಾಸ್ ನಡೆಯತೊಡಗಿತು. ಪ್ರತಿ ಬಡಿತಕ್ಕೆ ಒಂದು ಸ್ವರ, ಯಾವ ಅವಸರವೂ ಇಲ್ಲದೆ ಊಟವಾದ ಮೇಲೆ ಅಡ್ಡಾಡುವವರ ಹಾಗೆ. ಪಿಯಾನೋ ನಡುನಡುವೆ ಒಂದೊಂದು ಕಾರ್ಡನ್ನು, ನೀವು ನಿರೀಕ್ಷಿಸದ ಜಾಗದಲ್ಲಿ ಇಡುತ್ತ ಬಂತು. ಆಮೇಲೆ ಟ್ರಂಪೆಟ್. ಸ್ವಚ್ಛ, ನೇರ, ಹೊಳೆಯುವ ಸ್ವರ. ಹೆಡ್ ಮುಗಿಯಿತು, ನನಗೆ ಗೊತ್ತಾಯಿತು. ಸೋಲೋ ಶುರುವಾಯಿತು, ಅದೂ ಗೊತ್ತಾಯಿತು. ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಬೀಗಿದೆ. ಇಷ್ಟು ಸ್ವರವೂ ನನ್ನ ನಾಲ್ಕು ಹಲ್ಲಿನ ಮೇಲೆ ನಿಂತಿದೆ ಎಂದು ನೆಲ ಒರೆಸುವವರಿಗೂ ಹೇಳಿಬಿಡೋಣ ಅನ್ನಿಸಿತು.

ಆಮೇಲೆ ಅವರ ಆಟ ಬಂತು. ತಾತ ನಾಲ್ಕು ಬಾರ್ ನುಡಿಸಿ, ಕೊನೆಯಲ್ಲಿ ಆ ಬ್ಲೂ ನೋಟನ್ನು ಜಾರಿಸಿ ನಿಲ್ಲಿಸಿದರು. ತಂಗಿಯ ಸರದಿ. ಬಾಸ್ ಒಂದೇ ನಡೆಯುತ್ತ ಹೋಯಿತು. ತಂಗಿಯ ಕೈಗಳು ಮಡಿಲಿಗೆ ಬಂದಿದ್ದವು.

"ಕಂಬ" ಎಂದರು ಅವರು. "ಇವರು ಯಾರು ಅಂತ ಕೇಳು."

ಬಾಸ್ ನಿಂತಿತು. ತಾತ ಟ್ರಂಪೆಟ್ಟನ್ನು ತೊಡೆಯ ಮೇಲೆ ಇಳಿಸಿದರು. ಅವರ ಮುಖ ನೋಡಲಾಗಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ. ನೇರ ಪಿಯಾನೋದ ಬಳಿ ಹೋಗಿ, ಹಲ್ಲಿನಲ್ಲಿ ಏನು ಕೊರತೆ ಇದೆ ಹೇಳಿ ಎಂದು ಕೇಳಿದೆ. ಆ ಹೆಂಗಸು ನನ್ನನ್ನು ಮೆಲ್ಲಗೆ ನೋಡಿದರು. ಅವರಿಗೆ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಕೊರತೆನೇ ಇಲ್ಲ, ಅದೇ ಕೊರತೆ" ಎಂದರು. "ಅವನ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತು. ಗಾಳಿ ಅಲ್ಲಿಂದ ಮೊದ್ಲು ಬರೋದು, ಸ್ವರ ಅದರ ಹಿಂದೆ ಬರೋದು. ನಾನು ಆ ಗಾಳಿ ಕೇಳಿಸಿಕೊಂಡೇ ಉತ್ತರ ಕೊಡ್ತಿದ್ದೆ. ಇದು ಚೆನ್ನಾಗಿದೆ. ನಮ್ಮ ಮನೆಯವನದ್ದಲ್ಲ ಅಷ್ಟೆ."

ನಾನು ತಾತನ ಕಡೆ ತಿರುಗಿದೆ. ಫೋಟೋಗಳೆಲ್ಲ ಕಣ್ಣ ಮುಂದೆ ಬಂದವು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಪೆಟ್ಟಿಗೆಯ ಕೊಕ್ಕೆ ಹಾಕುತ್ತ ತೆಗೆಯುತ್ತ, ಶಾಲೆಯಲ್ಲಿ ಎಲ್ಲರೂ ಗೇಟು ಗೇಟು ಎಂದು ಕರೆಯುತ್ತಿದ್ದರು ಎಂದರು. ಬಾಯಿ ತೆರೆದರೆ ಗೇಟು ತೆರೆಯಿತು ಎಂದು ನಗುತ್ತಿದ್ದರಂತೆ. ಅಂದಿನಿಂದ ಬಾಯಿ ಬಿಟ್ಟು ನಕ್ಕಿಲ್ಲ. "ಈ ವಯಸ್ಸಲ್ಲಾದ್ರೂ ಬಾಯ್ತುಂಬ ನಗೋಣ ಅಂದ್ಕೊಂಡೆ ಕಣಮ್ಮ" ಎಂದರು. ಅವರು ಬಚ್ಚಿಟ್ಟರು, ನಾನು ಮುಚ್ಚಿಬಿಟ್ಟೆ. ಎರಡು ಹಲ್ಲಿನ ನಡುವೆ ಸಂದು ಇರಬಹುದು ಎಂಬ ಯೋಚನೆ ನನ್ನ ಕೈಗೆ ಬರುವುದೇ ಇಲ್ಲ.

ಸಂದು ಬಿಡಿಸುವುದು ಕಷ್ಟವಲ್ಲ. ಎರಡು ಹಲ್ಲಿನ ನಡುವೆ ತೆಳ್ಳನೆಯ ತಿರುಗುವ ಬಿಲ್ಲೆ ಹಾಕಿ ಸವೆಸಿದರಾಯಿತು. ಕಷ್ಟವೆಂದರೆ ಎಷ್ಟು ಎಂಬುದು. ತಾತನಿಗೇ ಗೊತ್ತಿರಲಿಲ್ಲ, ಕನ್ನಡಿಯಲ್ಲಿ ಅದನ್ನು ನೋಡದೇ ಇರುವುದನ್ನೇ ಅವರು ರೂಢಿ ಮಾಡಿಕೊಂಡಿದ್ದರು. ಡಾಕ್ಟರು ನೋಡುವ ಹೊತ್ತಿಗೆ ಹಲ್ಲುಗಳು ಸಡಿಲವಾಗಿ ಅತ್ತಿತ್ತ ವಾಲಿದ್ದವು. ಸವೆಸಿದ್ದು ಜಾಸ್ತಿಯಾದರೆ ಹಲ್ಲೇ ತೆಳುವಾಗಿ ಕೆಡುತ್ತದೆ, ಮತ್ತೆ ಮೊದಲಿನಿಂದ ಹೊಸದು ಮಾಡಬೇಕು, ಗುರುವಾರದೊಳಗೆ ಅದು ಆಗದ ಮಾತು. ಆ ಸಂದಿನ ಅಳತೆ ಉಳಿದಿದ್ದ ಜಾಗ ಒಂದೇ, ತಂಗಿಯ ಕಿವಿ. ನಾನು ಸವೆಸುವಾಗ ಬಂದು ಕೇಳಿ ಹೇಳುತ್ತೀರಾ ಎಂದೆ. ಅವರು ಪಿಯಾನೋದ ಮುಚ್ಚಳ ಹಾಕಿ, ಬರುತ್ತೇನೆ ಎಂದರು.

ಮಂಗಳವಾರ ಬೆಳಿಗ್ಗೆ ಇಬ್ಬರೂ ನನ್ನ ಕೋಣೆಗೆ ಬಂದರು. ಬೇರೆಬೇರೆಯಾಗಿ, ಒಬ್ಬರ ಹಿಂದೆ ಒಬ್ಬರು. ಕಂಬ ಬರಲಿಲ್ಲ, ಮೊಮ್ಮಗಳನ್ನು ಶಾಲೆಗೆ ಬಿಡಬೇಕು ಎಂದು ಫೋನು ಮಾಡಿದರು. ಶಾಲೆಗೆ ಬಿಡಲು ಇಡೀ ಬೆಳಿಗ್ಗೆ ಬೇಕೇ ಎಂದು ನನಗೆ ಅನುಮಾನ ಬರದೆ ಇರಲಿಲ್ಲ. ತಂಗಿ ಕಿಟಕಿಯ ಬಳಿಯ ಸ್ಟೂಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಕೇಳುವುದಕ್ಕೆ ಮುಖ ಯಾಕೆ ಎಂದರು.

ನಾನು ಬಿಲ್ಲೆ ತಿರುಗಿಸಿ ಒಂದು ಸಲ ಮುಟ್ಟಿಸಿದೆ. ತಾತ ಹಲ್ಲು ಹಾಕಿಕೊಂಡು ಆ ನಾಲ್ಕು ಬಾರ್ ನುಡಿಸಿದರು. ಆ ಪುಟ್ಟ ಕೋಣೆಯಲ್ಲಿ ಸ್ವರ ಗೋಡೆಗೆ ತಾಗಿ ಪ್ಲಾಸ್ಟರ್ ದವಡೆಗಳನ್ನೆಲ್ಲ ಅದುರಿಸಿತು.

"ಇನ್ನೂ ಬೇಕು ಅಂತ ಹೇಳಿ" ಎಂದರು ತಂಗಿ. ಹೇಳಿದೆ. ಮತ್ತೆ ಸವೆಸಿದೆ. ಮತ್ತೆ ನುಡಿಸಿದರು. ಈಗ ಸ್ವರದ ತುದಿಯಲ್ಲಿ ಏನೋ ಒಂದು ಸೀಟಿಯ ಹಾಗೆ ಬಂತು.

"ಇದು ಕೆಟಲ್ ಕುದಿಯೋ ಸದ್ದು ಅಂತ ಹೇಳಿ."

"ಕೆಟಲ್ ಯಾರು ಅಂತ ಕೇಳಿ" ಎಂದರು ತಾತ.

ಕೇಳಿದೆ. ಅವರೇನೋ ಹೇಳಿದರು, ಅದನ್ನು ಇವರಿಗೆ ಹೇಳಿದೆ. ಇವರು ತಿರುಗಿಸಿ ಒಂದು ಕೊಟ್ಟರು, ಅದನ್ನು ಅವರಿಗೆ ಒಪ್ಪಿಸಿದೆ. ಕೆಲಸ ಅರ್ಧ ಹೊತ್ತು, ಅಂಚೆ ಅರ್ಧ ಹೊತ್ತು. ಕೊನೆಗೆ ನನ್ನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಹಲ್ಲನ್ನು ಮೇಜಿನ ಮೇಲೆ ಇಟ್ಟು ಹೇಳಿದೆ: "ನಾನು ಹಲ್ಲು ಮಾಡೋಳು, ಕಂಬ ಅಲ್ಲ. ಇನ್ನು ಮುಂದೆ ಈ ಕಡೆಯಿಂದ ಆ ಕಡೆಗೆ ಒಂದು ಮಾತೂ ದಾಟಿಸಲ್ಲ. ಬೇಕಾದೋರು ಬೇಕಾದೋರಿಗೆ ಹೇಳ್ಕೊಳ್ಳಿ."

ನಾನು ಬಿಲ್ಲೆಯನ್ನು ಇನ್ನೊಂದು ಸಲ, ಬಹಳ ಹಗುರವಾಗಿ ಮುಟ್ಟಿಸಿ, ಅಂಚನ್ನು ನುಣುಪು ಮಾಡಿ ಕೊಟ್ಟೆ. ತಾತ ಹಾಕಿಕೊಂಡರು. ನುಡಿಸಿದರು.

ನನಗೂ ಕೇಳಿಸಿತು. ಸ್ವರಕ್ಕೆ ಮೊದಲು ಒಂದು ಎಳೆ ಗಾಳಿ. ಮಾತಾಡುವ ಮೊದಲು ಉಸಿರು ತೆಗೆದುಕೊಳ್ಳುವವರ ಹಾಗೆ. ಅದರ ಹಿಂದೆ ಸ್ವರ, ಹೊಳಪು ಕಡಿಮೆ, ಆದರೆ ಒಬ್ಬ ಮನುಷ್ಯನದು. ಕೊನೆಯಲ್ಲಿ ಆ ಬ್ಲೂ ನೋಟ್, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ, ಜಾರಿ ಬಂದು ಪ್ರಶ್ನೆಯ ಹಾಗೆ ನಿಂತಿತು. ಕಿಟಕಿಯ ಬಳಿ ತಂಗಿಯ ಬೆನ್ನು ನೆಟ್ಟಗಾದದ್ದು ಕಂಡೆ. ಅವರ ಬಲಗೈಯ ಎರಡು ಬೆರಳು ತೊಡೆಯ ಮೇಲೆ ಒಟ್ಟಿಗೆ ಒತ್ತಿದವು. ಬಾಯಿಂದ ಮಾತು ಮಾತ್ರ ಬರಲಿಲ್ಲ.

ತಾತನಿಗೆ ಕಂಡದ್ದು ಬರೀ ಬೆನ್ನು. ಒಂದು ಕ್ಷಣ ಕಾದರು, ಇನ್ನೊಂದು ಕ್ಷಣ ಕಾದರು. ಆಮೇಲೆ ಹಲ್ಲನ್ನು ತೆಗೆದು ನನ್ನ ಕೈಗೆ ಕೊಟ್ಟರು. ಇನ್ನೂ ತೆಗೀರಿ ಎಂದರು. ಅವರ ದನಿ ಸೋತಿತ್ತು.

ಇನ್ನು ತೆಗೆದರೆ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಸರಿಯಾಗಿದೆ, ಅವರ ಬೆರಳು ನೋಡಿ ಎಂದು ತಾತನಿಗೆ ಹೇಳಬಹುದಿತ್ತು. ಆದರೆ ಈಗಷ್ಟೇ ದಾಟಿಸುವುದಿಲ್ಲ ಎಂದು ಬಾಯಿ ಮಾಡಿದವಳು ನಾನು. ಹಟವೋ, ಇನ್ನೇನೋ, ನಾನು ಮಾತಾಡಲಿಲ್ಲ. ಬಿಲ್ಲೆಯ ಮೋಟಾರು ಹಾಕಿದೆ, ಅದು ಕಿರ್ರೆಂದಿತು. ಹಲ್ಲನ್ನು ಅದರ ಬಳಿಗೆ ಒಯ್ದೆ, ನನ್ನಿಂದ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ. ಮುಟ್ಟಿಸುತ್ತಿದ್ದೆನೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

"ಸಾಕು ಬಿಡೋ ಅಣ್ಣಾ."

ಮೋಟಾರು ಆರಿಸಿದೆ. ತಂಗಿ ಸ್ಟೂಲಿನ ಮೇಲೆ ತಿರುಗಿ ಕೂತಿದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ.

"ಅದೇ ಅದು" ಎಂದರು. "ಇನ್ನು ಮುಟ್ಟಿಸ್ಬೇಡ."

ತಾತ ಹಲ್ಲನ್ನು ನನ್ನ ಅಂಗೈಯಿಂದ ತೆಗೆದುಕೊಂಡು ಹಾಕಿಕೊಂಡರು, ಟ್ರಂಪೆಟ್ ಎತ್ತಿದರು, ಎದೆ ತುಂಬ ಉಸಿರೆಳೆದು ಊದಿದರು. ಫುಸ್ ಎಂದು ಗಾಳಿ ಬಂತು. ಸ್ವರವಿಲ್ಲ. ಮತ್ತೆ ಊದಿದರು. ಮತ್ತೆ ಬರೀ ಗಾಳಿ. ನನಗೆ ಗೊತ್ತಿಲ್ಲದೆ ಬಿಲ್ಲೆ ತಾಗಿಯೇ ಬಿಟ್ಟಿತೇನೋ ಅಂದುಕೊಂಡೆ. ಹತ್ತಿರ ಹೋಗಿ ಅವರ ಮುಖ ನೋಡಿದೆ.

ಅವರು ನಗುತ್ತಿದ್ದರು. ತುಟಿ ಕಿವಿಯವರೆಗೆ ಹೋಗಿತ್ತು. ಎರಡು ಹಲ್ಲಿನ ನಡುವೆ ನಾನು ಬಿಟ್ಟ ಸಂದು ಪೂರ್ತಿ ಕಾಣುತ್ತಿತ್ತು, ಕೈ ಅಡ್ಡ ಬಂದಿರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದರ ಪರಿವೆಯೇ ಅವರಿಗಿರಲಿಲ್ಲ.

"ಶನಿವಾರ ಹೀಗೇ ಹಲ್ಲು ಬಿಟ್ಕೊಂಡು ನಿಂತ್ಕೊಂಡ್ರೆ ಮಾನ ಹೋಗತ್ತೆ" ಎಂದರು ಗುರುವಾರ ಹೊರಡಬೇಕಿದ್ದ ತಂಗಿ. "ಬಾಯಿ ಸರಿಮಾಡ್ಕೊಂಡು ಊದು."

ತಾತ ತುಟಿ ಬಿಗಿದರು. ಅದು ನಿಲ್ಲಲಿಲ್ಲ. ಕೈಯಿಂದ ಕೆನ್ನೆಯನ್ನು ಒತ್ತಿ ಹಿಡಿದು ನೋಡಿದರು, ಅದೂ ಆಗಲಿಲ್ಲ. ಮಧ್ಯಾಹ್ನ ಕಂಬ ಬಂದು ಬಾಗಿಲಲ್ಲಿ ತಲೆ ತಗ್ಗಿಸಿದಾಗಲೂ ಇಬ್ಬರೂ ಅಲ್ಲೇ ಕೂತು ಅಮ್ಮನ ವಿಷಯ ಮಾತಾಡುತ್ತಿದ್ದರು, ನಡುನಡುವೆ ಜಗಳವಾಡುತ್ತಿದ್ದರು. ನಾನು ಬೇರೊಬ್ಬರ ದವಡೆಗೆ ಪ್ಲಾಸ್ಟರ್ ಸುರಿಯುತ್ತಿದ್ದೆ. ಆ ದಿನ ಟ್ರಂಪೆಟ್ಟಿನಿಂದ ಮತ್ತೆ ಒಂದು ಸ್ವರವೂ ಹೊರಡಲಿಲ್ಲ.